ಹಳೆಯ ಶೇಠರ ಕೆಲಸ, ಹೊಸ ನೌಕರಿಯ ಕರಾರು

ಅಹಮದಾಬಾದಿನ ವಟ್ವಾ ಜಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಣ್ಣಗಳನ್ನೂ ಅವಕ್ಕೆ ಬೇಕಾದ ಇಂಟರ್‌ಮೀಡಿಯೆಟ್‌ಗಳನ್ನೂ ತಯಾರಿಸುವ ಕಾರ್ಖಾನೆಗಳು ಒತ್ತೊತ್ತಾಗಿವೆ. ಅಲ್ಲಿ ಕೆಮಿಸ್ಟ್ ಒಬ್ಬ ನೌಕರಿ ಬದಲಿಸಿದ ಎಂದರೆ ಕೆಲವೊಮ್ಮೆ ಎರಡು ರಸ್ತೆ ದಾಟಿದ ಎಂದಷ್ಟೇ ಅರ್ಥ. ಹಾಗಾಗಿ ಹಳೆಯ ಶೇಠರ ಫೋನ್ ಬಂದರೆ ಅಚ್ಚರಿಯಿಲ್ಲ: ‘ಶೇಡ್ ಕೂಡುತ್ತಿಲ್ಲ, ಸಂಜೆ ಬಂದು ಬ್ಯಾಚ್ ನೋಡಿ ಹೋಗು, ದುಡ್ಡು ಬೇರೆ ಕೊಡುತ್ತೇನೆ.’ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿಗೂ ಇಂಥದೇ ಕರೆ ಬರುತ್ತದೆ.

‘ಬಿಟ್ಟ ಕಂಪನಿಯೇ ಕರೆಯುವಾಗ ಯಾರ ಅಡ್ಡಿ?’ ಎಂಬುದು ಮೊದಲ ತಪ್ಪು ಕಲ್ಪನೆ. ನಮ್ಮ ಜನ ಹೆದರುವುದು ಹಳೆಯ ಕಂಪನಿಗೆ. ಹೆದರಬೇಕಾದದ್ದು ಈಗಿನ ನೇಮಕಾತಿ ಪತ್ರಕ್ಕೆ. ಕೆಲಸ ಬಿಟ್ಟ ಮೇಲೂ ಇಂಥ ಕಡೆ ದುಡಿಯಬಾರದು ಎಂಬ ಷರತ್ತನ್ನು 1872ರ ಕರಾರು ಕಾಯ್ದೆಯ 27ನೇ ಕಲಂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ನೌಕರಿಯಲ್ಲಿ ಇರುವಷ್ಟು ಕಾಲ ಬೇರೆಯವರಿಗೆ ದುಡಿಯಬಾರದೆಂಬ ಷರತ್ತು ಸಿಂಧು. 1967ರ ಗೋಲಿಕರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಐದು ವರ್ಷದ ಕರಾರು ಮುಗಿಯುವ ಮೊದಲೇ ಪ್ರತಿಸ್ಪರ್ಧಿ ಕಂಪನಿಗೆ ಹೋದ ಶಿಫ್ಟ್ ಸೂಪರ್‌ವೈಸರ್‌ಗೆ ತಡೆ ಬಿತ್ತು. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದುಹಾಕಿದ್ದಾಗಿ ಹೇಳಿತು. ಮರುತಿಂಗಳು ಇನ್ಫೋಸಿಸ್, ಮೊದಲೇ ಒಪ್ಪಿಗೆ ಪಡೆದರೆ ಹೊರಗಿನ ಬಿಡಿ ಕೆಲಸ ಮಾಡಬಹುದು ಎಂದಿತು. ಬಚ್ಚಿಟ್ಟು ಮಾಡುವುದಕ್ಕೂ ಕೇಳಿ ಮಾಡುವುದಕ್ಕೂ ಇರುವ ವ್ಯತ್ಯಾಸ ಇದರಲ್ಲೇ ಕಾಣುತ್ತದೆ. ಈಗಿನ ಕಂಪನಿಯಿಂದ ಎರಡು ಸಾಲಿನ ಇಮೇಲ್ ಒಪ್ಪಿಗೆ ತರಿಸಿಕೊಳ್ಳಿ. ಹಳೆಯ ಶೇಠರ ಭರವಸೆ ಅದರ ಜಾಗ ತುಂಬುವುದಿಲ್ಲ.

‘ಡ್ಯೂಟಿ ಮುಗಿದ ಮೇಲಿನ ಸಮಯ ನನ್ನದು’ ಎನ್ನುವವರಿದ್ದಾರೆ. ಮೇಜಿನ ಕೆಲಸದವರ ಮಟ್ಟಿಗೆ ಅದು ಕರಾರಿನ ಪ್ರಶ್ನೆ. ಆದರೆ ಕಾರ್ಖಾನೆಯ ಕಾರ್ಮಿಕರಿಗೆ ಕಾನೂನೇ ಬೇಲಿ ಹಾಕಿದೆ. ಒಂದು ಕಾರ್ಖಾನೆಯಲ್ಲಿ ದುಡಿದವರನ್ನು ಅದೇ ದಿನ ಇನ್ನೊಂದರಲ್ಲಿ ದುಡಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಂ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇಮ್ಮಡಿ ದುಡಿಮೆಗೆ ನಿರ್ಬಂಧವಿದೆ. ಇದು ಮಾಲೀಕರನ್ನು ಕಾಯಲು ಹುಟ್ಟಿದ ನಿಯಮವಲ್ಲ. ಹಗಲಿಡೀ ದುಡಿದು ನಿದ್ದೆ ತೂಗುವ ಮನುಷ್ಯ ರಾತ್ರಿ ರಿಯಾಕ್ಟರ್ ಮುಂದೆ ನಿಂತರೆ ಅಪಾಯ ಅವನೊಬ್ಬನಿಗೆ ಮಾತ್ರವಲ್ಲ.

ಹೆಚ್ಚು ಗೊಂದಲ ಇರುವುದು ಮೂರನೆಯದರಲ್ಲಿ: ‘ನನ್ನ ತಲೆಯಲ್ಲಿರುವುದೆಲ್ಲ ನನ್ನದೇ.’ ಅಜೋ ಬಣ್ಣದ ಬ್ಯಾಚನ್ನೇ ನೋಡಿ. ಟಬ್ಬಿಗೆ ಐಸ್ ಸುರಿದು ಸೊನ್ನೆಯಿಂದ ಐದು ಡಿಗ್ರಿಯೊಳಗೆ ಹಿಡಿದು, ಸೋಡಿಯಂ ನೈಟ್ರೈಟನ್ನು ನಿಧಾನವಾಗಿ ಬಿಡುತ್ತಾರೆ. ಒಂದು ಹನಿಯನ್ನು ಸ್ಟಾರ್ಚ್-ಅಯೋಡೈಡ್ ಕಾಗದಕ್ಕೆ ಮುಟ್ಟಿಸುತ್ತಾರೆ. ಅದು ತಕ್ಷಣ ನೀಲಿಯಾದರೆ ನೈಟ್ರೈಟ್ ಹೆಚ್ಚಾಗಿದೆ ಎಂದರ್ಥ. ಸಲ್ಫಾಮಿಕ್ ಆಸಿಡ್ ಹಾಕಿ ಆ ಹೆಚ್ಚುವರಿಯನ್ನು ತೆಗೆದು ಮುಂದಿನ ಹಂತವಾದ ಕಪ್ಲಿಂಗ್‌ಗೆ ಹೋಗಬೇಕು. ಈ ತಿಳಿವಳಿಕೆ ಕೆಮಿಸ್ಟನ ಸ್ವಂತ ಆಸ್ತಿ, ಯಾರ ಕಾರ್ಖಾನೆಗಾದರೂ ಒಯ್ಯಬಹುದು. ಆದರೆ ಕಪ್ಲಿಂಗ್ ಹೊತ್ತಿಗೆ ಯಾವ ಪಿಎಚ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೆ ಆ ಗಿರಾಕಿಗೆ ಬೇಕಾದ ಶೇಡ್ ಬರುತ್ತದೆ ಎಂದು ಈಗಿನ ಕಂಪನಿ ದುಡ್ಡು ಸುರಿದು ಕಂಡುಕೊಂಡು ಬ್ಯಾಚ್ ಶೀಟಿನಲ್ಲಿ ಬರೆದಿಟ್ಟದ್ದು ಕಂಪನಿಯ ಗುಟ್ಟು. ಅದನ್ನು ಬಾಯಲ್ಲಿ ಹೇಳಿ ಬಂದರೂ ದ್ರೋಹವೇ. ವ್ಯಾಪಾರ ರಹಸ್ಯಕ್ಕೆ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲದಿದ್ದರೂ ಕೋರ್ಟುಗಳು ಗೋಪ್ಯತೆಯ ಕರಾರನ್ನು ಎತ್ತಿಹಿಡಿಯುತ್ತವೆ. ಎರಡೂ ಕಂಪನಿಗಳು ಒಂದೇ ಮಾಲು ಮಾಡುತ್ತಿದ್ದರೆ ನನ್ನ ಮಟ್ಟಿಗೆ ಉತ್ತರ ಒಂದೇ: ಒಪ್ಪಿಕೊಳ್ಳಬೇಡಿ.

ಡ್ರಾಯಿಂಗ್, ಪ್ರೋಗ್ರಾಮ್ ಮಾಡಿಕೊಡುವವರ ಲೆಕ್ಕ ಬೇರೆ. ಸಂಬಳಕ್ಕಿದ್ದಾಗ ನೌಕರಿಯ ಭಾಗವಾಗಿ ಮಾಡಿದ್ದರ ಕೃತಿಸ್ವಾಮ್ಯ ಕಂಪನಿಗೆ. ಬಿಡಿಯಾಗಿ ಮಾಡಿಕೊಟ್ಟದ್ದು, ಬರವಣಿಗೆಯಲ್ಲಿ ಬಿಟ್ಟುಕೊಡದಿದ್ದರೆ, ಸಾಮಾನ್ಯವಾಗಿ ಮಾಡಿದವರದ್ದೇ.

ಇನ್ನು ದುಡ್ಡು. ‘ಪರಿಚಯದವರು, ಕಾಗದವೇಕೆ?’ ಎಂದು ಸುಮ್ಮನಿದ್ದು ತಿಂಗಳುಗಟ್ಟಲೆ ಕಾಯುವವರಿಗೆ ಕಾನೂನಿನ ಆಸರೆ ಇದೆ. ಕೆಲಸ ಹಿಡಿಯುವ ಮೊದಲೇ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಂಡರೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಹಣ ಬರಲು ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವಟ್ವಾ ಬಿಟ್ಟು ಬೆಂಗಳೂರಿಗೆ ಬಂದು ಅಲ್ಲಿನವರಿಗೆ ಸಲಹೆ ಕೊಟ್ಟರೆ, ರಾಜ್ಯ ದಾಟಿದ ಸೇವೆಯಾದ್ದರಿಂದ ಮೊದಲ ರೂಪಾಯಿಗೇ ಜಿಎಸ್‌ಟಿ ನೋಂದಣಿ ಬೇಕೆಂಬ ಮಾತೂ ತಪ್ಪು. 2017ರ ಅಕ್ಟೋಬರ್‌ನಿಂದಲೇ ಇಂಥ ಸೇವೆಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ವಿನಾಯಿತಿ ಇದೆ.