ತಲೆ ಹರಿದ ಭೋಗ್ಯಪತ್ರ

ಶಿರಾ ಸೀಮೆಯ ನಮ್ಮ ಊರಿನಲ್ಲಿ ನಮಗಿರುವುದು ಮೂರು ತುಂಡು ಖುಷ್ಕಿ ಜಮೀನು: ಬೇವಿನಮರದ ಹೊಲ, ಕಟ್ಟೆ ಹಿಂದಲ ಹೊಲ, ಭೋಗ್ಯದ ಹೊಲ. ಮೊದಲೆರಡು ಹೆಸರಿಗೆ ಅರ್ಥ ಕೇಳಬೇಕಾಗಿಲ್ಲ. ಮರವೂ ಇದೆ, ಕಟ್ಟೆಯೂ ಇದೆ. ಮೂರನೆಯದನ್ನು ಭೋಗ್ಯಕ್ಕೆ ಹಾಕಿದ್ದು ಯಾರು ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜಿ ಕೊಟ್ಟ ಉತ್ತರ ಮೂರೇ ಮಾತು: ‘ಹೊಲ ತಿಂದ ತಾತ.’

ಅವರು ನನ್ನ ತಾತನ ತಾತ. ಮನೆಯಲ್ಲಿ ಯಾವ ಹುಡುಗ ದುಡ್ಡು ಹಾಳು ಮಾಡಿದರೂ ‘ಹೊಲ ತಿಂದ ತಾತನ ಹಂಗೇ ಆಯ್ತೀಯ ನೋಡು’ ಎಂದು ಬೈಯುತ್ತಿದ್ದರು. ಅವರು ಕುಡಿದು ಕೆಟ್ಟರೋ, ಜೂಜಾಡಿ ಕಳೆದರೋ, ಅದನ್ನು ಯಾರೂ ಹೇಳುತ್ತಿರಲಿಲ್ಲ. ಅವರ ಮಗ, ಎಂದರೆ ನಮ್ಮ ಮುತ್ತಾತ, ಮೈಮುರಿದು ದುಡಿದು ಹೊಲ ಬಿಡಿಸಿಕೊಂಡರು ಎಂಬುದು ಕಥೆಯ ಉಳಿದ ಅರ್ಧ. ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮುತ್ತಾತನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅವರ ಅಪ್ಪನ ಹೆಸರು ಬಾಯಲ್ಲೇ ಉಳಿಯುತ್ತಿತ್ತು.

ಹಳೆ ಮನೆಯ ಅಟ್ಟ ಬಿಚ್ಚಿದಾಗ ಇಳಿದ ತಗಡಿನ ಟ್ರಂಕಿನಲ್ಲಿ ಜಾತಕದ ಸುರುಳಿಗಳು, ಕಂದಾಯದ ರಸೀತಿಗಳ ಕಟ್ಟು, ಒಂದು ಹಿತ್ತಾಳೆ ಬೀಗ ಮತ್ತು ನಾಲ್ಕು ಮಡಿಕೆ ಮಾಡಿದ ಒಂದು ಹಳೆಯ ಕಾಗದ ಸಿಕ್ಕವು. ಕಾಗದದ ತಲೆಯ ಕಡೆ ಎರಡು ಬೆರಳಿನಷ್ಟು ಭಾಗ ಇರಲಿಲ್ಲ. ಗೆದ್ದಲು ತಿಂದಿದೆ ಅಂದುಕೊಂಡೆವು. ಉಳಿದದ್ದರಲ್ಲಿ ‘ಭೋಗ್ಯಪತ್ರ’ ಎಂಬ ಒಂದು ಪದ ನನಗೆ ಕಂಡಿತು. ಮಿಕ್ಕದ್ದು ಪದಕ್ಕೆ ಪದ ಅಂಟಿಕೊಂಡು ಓಡುವ ಮೋಡಿ ಬರಹ. ‘ನೋಡು, ಬರೆದಿಟ್ಟೇ ಹೋಗವ್ನೆ’ ಎಂದರು ಅಪ್ಪ, ಬೇಸರದಲ್ಲಿ.

ಭೋಗ್ಯ ಎಂದರೆ ಬೆಂಗಳೂರಿನವರಿಗೆ ಈಗ ಮನೆ ನೆನಪಾಗುತ್ತದೆ. ಹಳೆಯ ಅರ್ಥವೂ ಬಹಳ ದೂರದ್ದಲ್ಲ. ಸಾಲ ಕೊಟ್ಟವನು ಹೊಲವನ್ನು ವಶಕ್ಕೆ ತೆಗೆದುಕೊಳ್ಳುತ್ತಾನೆ, ಉತ್ತು ಬಿತ್ತಿ ಫಸಲು ಅನುಭವಿಸುತ್ತಾನೆ. ಆ ಫಸಲೇ ಬಡ್ಡಿ. ಅಸಲು ತೀರಿದ ದಿನ ಹೊಲ ಒಡೆಯನಿಗೆ ಹಿಂತಿರುಗುತ್ತದೆ.

ಕಾಗದ ಓದಿಸಲು ಹಳೆಯ ಶಾನುಭೋಗರ ಮನೆತನದ ಹಿರಿಯರಾದ ರಾಯರ ಬಳಿ ಹೋದೆ. ಅವರ ಮನೆಯ ಜಂತಿಯ ಮೇಲೆ ಇನ್ನೂ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಾರ್ಮೋನಿಯಂ ತಿತ್ತಿಯಂತೆ ಮಡಿಸಿದ ಕಪ್ಪು ಪುಸ್ತಕಗಳು ಅವು. ಬಳಪದಲ್ಲಿ ಬರೆದ ಬಿಳಿ ಅಕ್ಷರ ತಲೆಮಾರು ಕಳೆದರೂ ಹಾಗೇ ನಿಲ್ಲುತ್ತದೆ, ಬೇಡವಾದರೆ ಅಳಿಸಿ ಮತ್ತೆ ಮಸಿ ಬಳಿಯಬಹುದು. ರಾಯರು ಒಂದನ್ನು ತೆರೆದು ನನ್ನ ತೊಡೆಯ ಮೇಲಿಟ್ಟರು. ಒಣಗಿದ ಚರ್ಮ ಮುಟ್ಟಿದಂತಿತ್ತು. ಕೈಗೆ ಮಸಿ ಹತ್ತಲಿಲ್ಲ.

ನಮ್ಮ ಕಾಗದವನ್ನು ಅವರು ಬೆಳಕಿಗೆ ಹಿಡಿದು ಗುನುಗಿಕೊಂಡೇ ಓದಿದರು. ‘ಈಶ್ವರ ಸಂವತ್ಸರದ ಶ್ರಾವಣ ಬಹುಳ ಪಾಡ್ಯ ಶುಕ್ರವಾರ.’ ಶಕವರ್ಷ ಇದ್ದಿರಬಹುದಾದ ಜಾಗವೇ ಹೋಗಿತ್ತು. ಸಂವತ್ಸರಗಳ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಈಶ್ವರ ಎಂದರೆ 1877 ಆಗಬಹುದು, 1937 ಆಗಬಹುದು. 1937 ಆದರೆ ಪತ್ರ ನಮ್ಮ ತಾತನ ಕಾಲದ್ದಾಗುತ್ತದೆ, ಕಥೆಯೇ ತಲೆಕೆಳಗಾಗುತ್ತದೆ. ರಾಯರಿಗೆ ಗೊಂದಲವಿರಲಿಲ್ಲ. ‘ಇದರಲ್ಲಿ ಸರ್ವೆ ನಂಬರೇ ಇಲ್ಲವಲ್ಲಪ್ಪಾ’ ಎಂದರು.

ಹೌದು. ಹೊಲವನ್ನು ಗುರುತಿಸಿದ್ದು ಬೀಜದ ಅಳತೆಯಿಂದ ಮತ್ತು ಚಕ್ಕುಬಂದಿಯಿಂದ. ಇಷ್ಟು ಕೊಳಗ ರಾಗಿ ಬಿತ್ತುವ ನೆಲ, ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು. ಮೈಸೂರು ಸೀಮೆಗೆ ರೆವಿನ್ಯೂ ಸರ್ವೆ ಕಾಲಿಟ್ಟದ್ದು 1863ರಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ. 33 ಅಡಿಯ ಸರಪಳಿ ಹಿಡಿದು, 33 ಅಡಿ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂದು ಅಳೆಯುತ್ತ ಅದು ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಲು ದಶಕಗಳೇ ಹಿಡಿದವು. ಅದು ನಮ್ಮೂರನ್ನು ಮುಟ್ಟುವ ಮೊದಲಿನ ಪತ್ರ ಇದು.

ಕೆಳಗೆ ಸಾಕ್ಷಿಗಳ ರುಜು. ಅದರ ಪಕ್ಕ, ಬರೆಸಿಕೊಟ್ಟವರ ಹೆಸರಿನ ಮುಂದೆ, ಒಂದು ಪುಟ್ಟ ಚಿತ್ರ. ಒಂದು ಉದ್ದ ಗೀರು, ಅದಕ್ಕೆ ಓರೆಯಾಗಿ ಇನ್ನೊಂದು, ತುದಿಯಲ್ಲಿ ಸಣ್ಣ ಕೊಕ್ಕೆ. ನೇಗಿಲು. ಅಕ್ಷರ ಬಾರದ ಒಕ್ಕಲಿನವರು ಹಾಕುತ್ತಿದ್ದ ಗುರುತು. ಹೆಬ್ಬೆಟ್ಟಿನ ಕಾಲ ಇನ್ನೂ ಬಂದಿರಲಿಲ್ಲ. ಬಂಗಾಳದ ಹೂಗ್ಲಿಯಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಪತ್ರಗಳ ನೋಂದಣಿಗೆ ಬೆರಳಚ್ಚು ತೆಗೆದುಕೊಳ್ಳಲು ಶುರುಮಾಡಿದ್ದೇ ಆ 1877ರಲ್ಲಿ. ನೇಗಿಲಿನ ಮೇಣಿಯ ಹತ್ತಿರ ಶಾಯಿ ಹೆಚ್ಚಾಗಿ ಇಳಿದು ಒಂದು ಬೊಟ್ಟು ಆಗಿದೆ. ಲೆಕ್ಕಣಿಕೆ ಹಿಡಿದು ಅಭ್ಯಾಸವಿಲ್ಲದ ಕೈ ಅಲ್ಲಿ ಒಂದು ಗಳಿಗೆ ನಿಂತಿದೆ.

ವಾರ, ತಿಥಿ ಕೂಡಿಸಿ ನೋಡುವುದು ಉಳಿದಿತ್ತು. 1877ರ ಶ್ರಾವಣ ಹುಣ್ಣಿಮೆ ಆಗಸ್ಟ್ 23, ಗುರುವಾರ. ಮಾರನೆಯ ದಿನ ಬಹುಳ ಪಾಡ್ಯ, ಶುಕ್ರವಾರ. 1937ರಲ್ಲಿ ಆ ಪಾಡ್ಯ ಶುಕ್ರವಾರದ ಹತ್ತಿರಕ್ಕೂ ಬರುವುದಿಲ್ಲ. ಲೆಕ್ಕ ಮುಗಿಯಿತು ಎಂದು ಏಳುವಷ್ಟರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಆ ಹುಣ್ಣಿಮೆಯ ರಾತ್ರಿ ಪೂರ್ಣ ಚಂದ್ರಗ್ರಹಣ. ನಮ್ಮ ಕಡೆಗೆ ಅದು ಬೆಳಗಿನ ಜಾವ ಹಿಡಿದಿತ್ತು.

ಇದನ್ನು ತಿಳಿದ ಮೇಲೆ ನನಗೆ ಬಹಳ ಹೊತ್ತು ಬೇರೆ ಏನೂ ತೋಚಲಿಲ್ಲ. ನಮ್ಮ ಮನೆಗಳಲ್ಲಿ ಶ್ರಾವಣ ಶುಕ್ರವಾರ ಹೊತ್ತು ಮುಳುಗಿದ ಮೇಲೆ ನೆರೆಯವರಿಗೆ ಒಂದು ಬೊಗಸೆ ಉಪ್ಪನ್ನೂ ಕೊಡುವುದಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು. ಗ್ರಹಣ ಬಿಟ್ಟ ದಿನ ಹೊಸ ಕೆಲಸಕ್ಕೆ ಕೈಹಾಕುವವರೂ ಇಲ್ಲ. ಈ ತಾತ ಗ್ರಹಣ ಬಿಟ್ಟ ಬೆಳಿಗ್ಗೆಯೇ, ಶ್ರಾವಣ ಶುಕ್ರವಾರವೇ, ಹೊಲ ಬರೆದುಕೊಟ್ಟಿದ್ದಾರೆ. ಒಳ್ಳೆಯ ದಿನ ಬರಲಿ ಎಂದು ಕಾಯುವ ಹಾಗಿರಲಿಲ್ಲ.

ಧಾತು ಸಂವತ್ಸರದಲ್ಲಿ, 1876ರಲ್ಲಿ, ಮಳೆ ಕೈಕೊಟ್ಟಿತ್ತು. ಈಶ್ವರದಲ್ಲಿ ಮುಂಗಾರೂ ಸರಿಯಾಗಿ ಹಿಡಿಯಲಿಲ್ಲ. ಧಾತು-ಈಶ್ವರದ ಬರ ಎಂದು ಹಳಬರು ಕರೆದದ್ದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ದಾರಿಗೆ ಮಣ್ಣು ಹೊತ್ತವರು ಬರಕ್ಕೆ ಸಿಕ್ಕಿ ಹಳ್ಳಿ ಬಿಟ್ಟ ಜನ. ಸಂಸ್ಥಾನವೇ ಸಾಲದಲ್ಲಿ ಮುಳುಗಿತ್ತು: 1881ರಲ್ಲಿ ಬ್ರಿಟಿಷರು ಚಾಮರಾಜ ಒಡೆಯರಿಗೆ ಆಳ್ವಿಕೆ ಹಿಂದಿರುಗಿಸಿದಾಗ ಅದರ ಜೊತೆಗೆ ಬಂದದ್ದು ಬರದ 80 ಲಕ್ಷ ರೂಪಾಯಿ ಸಾಲ. ಅರಸನಿಗೆ ಇದ್ದದ್ದೂ ಒಕ್ಕಲಿಗನಿಗೆ ಇದ್ದದ್ದೂ ಒಂದೇ ಬರದ ಸಾಲ. ಒಬ್ಬರ ಸಾಲ ಚರಿತ್ರೆ ಪುಸ್ತಕ ಸೇರಿತು, ಇನ್ನೊಬ್ಬರದು ಬೈಗುಳವಾಗಿ ಉಳಿಯಿತು.

ಹೊಲಕ್ಕೆ ಬದಲಾಗಿ ಸಿಕ್ಕದ್ದು ಎರಡು ಖಂಡುಗ ರಾಗಿ. ಖಂಡುಗಕ್ಕೆ ಇಪ್ಪತ್ತು ಕೊಳಗ. ಪತ್ರದಲ್ಲಿ ಇದಕ್ಕೆ ರೂಪಾಯಿ ಕಟ್ಟಿಲ್ಲ. ಎಂಟು ವರ್ಷದೊಳಗೆ ‘ಅದೇ ಅಳತೆಯಲ್ಲಿ ಅಷ್ಟೇ ರಾಗಿ’ ಅಳೆದು ಕೊಡುವುದು ಎಂದಿದೆ. ಈ ಸಾಲನ್ನು ರಾಯರು ಎರಡು ಸಲ ಓದಿದರು. ‘ಬುದ್ಧಿವಂತ’ ಎಂದರು. ಬರದಲ್ಲಿ ಧಾನ್ಯದ ಬೆಲೆ ಹಲವು ಪಟ್ಟು ಏರಿರುತ್ತದೆ. ಆ ಬೆಲೆಯಲ್ಲಿ ಸಾಲವನ್ನು ರೂಪಾಯಿಗೆ ಕಟ್ಟಿದ್ದರೆ, ಮಳೆ ಬಂದು ರಾಗಿ ಅಗ್ಗವಾದಾಗ ಅದೇ ರೂಪಾಯಿ ಹುಟ್ಟಿಸಲು ಎಷ್ಟೋ ಖಂಡುಗ ಮಾರಬೇಕಾಗುತ್ತಿತ್ತು, ಹೊಲ ಅಲ್ಲಿಗೇ ಹೋಗುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಕೂತು, ಓದು ಬರಹವಿಲ್ಲದ ಮನುಷ್ಯ, ರಾಗಿಗೆ ರಾಗಿ ಎಂದು ಹಟ ಹಿಡಿದಿದ್ದಾರೆ. ನಾನು ಬ್ಯಾಂಕಿನ ಸಾಲಪತ್ರಗಳಿಗೆ ಓದದೆಯೇ ಸಹಿ ಹಾಕಿದವನು. ಅವರ ಈ ಒಂದು ಸಾಲಿನ ಮುಂದೆ ತಲೆ ತಗ್ಗಿಸುತ್ತೇನೆ.

ಎರಡು ಖಂಡುಗ ಎಷ್ಟು ಬಾಯಿಗೆ? ಅದಕ್ಕೆ ಹೆಳವರು ಬರಬೇಕಾಯಿತು. ಮನೆತನಗಳ ವಂಶಾವಳಿ ಹೇಳುವ ಹೆಳವರು ಒಂದು ಕಾಲದಲ್ಲಿ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಬಂದವರು ಬೈಕಿನಲ್ಲಿ ಬಂದರು, ಹೆಗಲಿನ ಚೀಲದಲ್ಲಿ ಹೊತ್ತಿಗೆ ಇತ್ತು. ಜಗುಲಿಯ ಮೇಲೆ ಕಂಬಳಿ ಹಾಸಿಸಿಕೊಂಡು ಕೂತು, ಒಂದೇ ಉಸಿರಿನಲ್ಲಿ ಏಳು ತಲೆಮಾರು ಇಳಿದು ಬಂದರು. ಹೊಲ ತಿಂದ ತಾತನ ಹೆಸರು ಬಂದಾಗ ನಾನು ನಿಲ್ಲಿಸಿದೆ. ನಾಲ್ಕು ಮಕ್ಕಳು. ಮೊದಲ ಇಬ್ಬರು ಗಂಡುಮಕ್ಕಳ ಕೆಳಗೆ ಏನೂ ಇಲ್ಲ. ‘ಅಲ್ಲಿಗೆ ನಿಂತದೆ ಗೌಡ್ರೇ’ ಎಂದರು ಹೆಳವರು, ದನಿ ತಗ್ಗಿಸಿ. ಮೂರನೆಯದು ಒಬ್ಬ ಮಗಳು, ಕೊಟ್ಟ ಊರಿನ ಹೆಸರು ಇದೆ. ನಾಲ್ಕನೆಯವರು ಬರ ಕಳೆದ ಮೇಲೆ ಹುಟ್ಟಿದ ನಮ್ಮ ಮುತ್ತಾತ. ಎರಡು ಖಂಡುಗ ರಾಗಿ ಯಾರನ್ನು ಉಳಿಸಿತು ಎಂಬುದು ಆ ಪುಟದಲ್ಲಿದೆ. ಅಪ್ಪ ಒಳಗೆ ಹೋಗಿ, ಕೊಡಬೇಕೆಂದು ಅಳೆದಿಟ್ಟಿದ್ದ ರಾಗಿಯ ಮೇಲೆ ಇನ್ನೊಂದು ಕೊಳಗ ಸುರಿದು ತಂದರು.

ಆ ಮೇಲೆ ರಾಯರ ಮನೆಗೆ ಇನ್ನೊಮ್ಮೆ ಹೋದೆ. ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ಕೇಳಿದ್ದೂ ಅವರೇ. ‘ಅಲ್ಲಪ್ಪಾ, ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿ ಇರಬೇಕಾದ ಪತ್ರ ನಿಮ್ಮ ಮನೆಗೆ ಹೇಗೆ ಬಂತು?’

ನೂರು ವರ್ಷಕ್ಕೂ ಮೇಲೆ ನಮ್ಮ ಮನೆಯವರು ಯಾರೂ ಕೇಳಿಕೊಳ್ಳದ ಪ್ರಶ್ನೆ ಅದು. ಸಾಲ ಇರುವವರೆಗೆ ಪತ್ರ ಸಾಲ ಕೊಟ್ಟವನ ಬಳಿ ಇರುತ್ತದೆ. ತೀರಿದ ದಿನ ಅದನ್ನು ಹರಿದು, ಸಾಲ ತೆಗೆದುಕೊಂಡವನ ಕೈಗೆ ಕೊಡುತ್ತಾರೆ, ಮತ್ತೆ ಯಾರೂ ಅದನ್ನು ತೋರಿಸಿ ಕೇಳದಿರಲಿ ಎಂದು. ರಾಯರು ಕಾಗದದ ಮೇಲಂಚನ್ನು ಉಗುರಿನಿಂದ ಸವರಿದರು. ಗೆದ್ದಲು ತಿಂದರೆ ಅಂಚು ತೂತು ತೂತಾಗಿರುತ್ತದೆ. ಇದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೇ ಎಳೆತಕ್ಕೆ ಹರಿದದ್ದು.

ಹಿಂಬದಿಯಲ್ಲಿ ಮಾಸಿದ ಎರಡು ಗೆರೆ ಇದ್ದವು. ಬರಿಗಣ್ಣಿಗೆ ಕಲೆಯಂತೆ ಕಾಣುತ್ತಿದ್ದ ಅವು ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪು ತಿರುಗಿಸಿದಾಗ ಅಕ್ಷರವಾದವು. ಪಾರ್ಥಿವ ಸಂವತ್ಸರ, ರಾಗಿ ಸಂದಾಯವಾಯಿತು, ಹೊಲ ಬಿಟ್ಟುಕೊಟ್ಟಿದೆ. ಪಾರ್ಥಿವ ಎಂದರೆ 1885-86, ವಾಯಿದೆಯ ಎಂಟನೆಯ ವರ್ಷ. ಆಗ ನಮ್ಮ ಮುತ್ತಾತ ಇನ್ನೂ ಕರು ಕಾಯುವ ಹುಡುಗ. ಹೊಲ ಬಿಡಿಸಿದ್ದು ಅವರಲ್ಲ. ಅಡವಿಟ್ಟ ಕೈಯೇ ಬಿಡಿಸಿಕೊಂಡಿದೆ. ಮುಂದೆ ಸರ್ವೆ ಬಂದು ಹೊಲಕ್ಕೆ ನಂಬರು ಬಿದ್ದಾಗ, ಕಂದಾಯದ ಆಕಾರ ಕಟ್ಟಿದ ಪಟ್ಟಿಯಲ್ಲಿ ಆ ನಂಬರಿನ ಎದುರು ಇರುವುದೂ ಅವರದೇ ಹೆಸರು.

ಮನೆಗೆ ಬಂದು ಪೂರ್ತಿ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಎಂಬತ್ತೈದು ದಾಟಿದ ಅಪ್ಪನಿಗೆ ಕಿವಿ ಮಂದ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಹರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದರು. ಚಕ್ಕುಬಂದಿ ಇನ್ನೊಂದು ಸಲ ಓದು ಎಂದರು. ಓದಿದೆ. ‘ಪಶ್ಚಿಮಕ್ಕೆ ಹುಣಸೆಮರ’ ಎಂಬಲ್ಲಿ ಕೈ ಎತ್ತಿದರು.

‘ಆ ಮರ ನಾನು ಕಂಡಿವ್ನಿ. ಅದರ ಬುಡಕ್ಕೇ ಎಮ್ಮೆ ಕಟ್ತಿದ್ದೆ.’