ಎಚ್ಚರ ಬೇರೆ, ಅರಿವು ಬೇರೆ

ಉಡುಪಿಯಿಂದ ಮಣಿಪಾಲ, ಪರ್ಕಳಗಳನ್ನು ದಾಟಿ ಕಾರ್ಕಳದತ್ತ ಸಾಗುವ ದಾರಿಯಲ್ಲಿ ಹಿರಿಯಡ್ಕ ಸಿಗುತ್ತದೆ. ಇಲ್ಲಿಂದ ಮಣಿಪಾಲದ ಆಸ್ಪತ್ರೆಗೆ ಬುತ್ತಿಯ ಚೀಲ ಹಿಡಿದು ಬಸ್ಸು ಹತ್ತುವವರನ್ನು ದಿನವೂ ಕಾಣಬಹುದು. ಅಂಥವರಲ್ಲಿ ನಮ್ಮ ಪರಿಚಯದ ಗೃಹಿಣಿಯೊಬ್ಬರೂ ಇದ್ದರು. ಅವರ ಯಜಮಾನರು ಬೈಕಿನಿಂದ ಬಿದ್ದು, ತಲೆಗೆ ಬಲವಾದ ಪೆಟ್ಟಾಗಿ, ಪ್ರಜ್ಞೆಯಿಲ್ಲದೆ ಮಲಗಿದ್ದರು. ಮೂರನೆಯ ವಾರದ ಒಂದು ಸಂಜೆ ಆಕೆ ನಮ್ಮನ್ನು ಕಂಡು, “ಕಣ್ಣು ಬಿಟ್ಟಿದ್ದಾರೆ ಮಾಷ್ಟ್ರೇ! ನಾಲ್ಕು ಇದ್ದದ್ದು ಈಗ ಏಳು ಆಗಿದೆಯಂತೆ. ಇನ್ನು ಮಾತು ಬರುವುದೊಂದೇ ಬಾಕಿ” ಎಂದರು. ಆ ಸಂತೋಷಕ್ಕೆ ತಣ್ಣೀರೆರಚಲು ನಮಗೆ ಮನಸ್ಸು ಬರಲಿಲ್ಲ.

ಆಕೆ ಹೇಳಿದ ಅಂಕೆ, 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರಚಿಸಿದ ಮಾನಕ್ಕೆ ಸೇರಿದುದು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲುಗಳ ಚಲನೆಗೆ 6, ಒಟ್ಟು 15. ಏನೂ ಇಲ್ಲದಿದ್ದರೂ ಒಂದೊಂದಕ್ಕೆ 1 ಅಂಕ ಉಂಟು. ಮುಚ್ಚಿದ್ದ ಕಣ್ಣು ತಾನಾಗಿ ತೆರೆಯಿತೆಂದರೆ ಆ ಒಂದೇ ಬಾಬಿನಲ್ಲಿ 1 ಇದ್ದುದು 4 ಆಗುತ್ತದೆ. ನಾಲ್ಕು ಏಳಾದುದು ಹೀಗೆ. ಮಾತಾಗಲಿ ಚಲನೆಯಾಗಲಿ ಎಳ್ಳಷ್ಟೂ ಮುಂದುವರಿದಿರಲಿಲ್ಲ. ಉಷ್ಣಮಾಪಕದ ಪಾದರಸದಂತೆ ಇದು ಒಂದೇ ವಸ್ತುವಿನ ಅಳತೆಯಲ್ಲ. ಮೊತ್ತವನ್ನು ಕೇಳುವ ಮನೆಯವರು ಯಾವುದರಲ್ಲಿ ಎಷ್ಟು ಎಂಬುದನ್ನೂ ಕೇಳಿ ತಿಳಿಯಬೇಕು.

ಹಾಗಾದರೆ ಕಣ್ಣು ತೆರೆದುದಕ್ಕೆ ಅರ್ಥವಿಲ್ಲವೆ? ಉಂಟು. ಆದರೆ ಅದು ನಾವು ಬಯಸುವ ಅರ್ಥವಲ್ಲ. ಹೆಮ್ಮಿದುಳಿನ ಕೆಳಗೆ, ಬೆನ್ನುಹುರಿಯ ಮೇಲ್ತುದಿಯಲ್ಲಿ, ಹೆಬ್ಬೆರಳಿನಷ್ಟೇ ಗಾತ್ರದ ಮಿದುಳಿನ ಕಾಂಡವಿದೆ. ಉಸಿರಾಟದಂತೆಯೇ ನಿದ್ದೆ–ಎಚ್ಚರಗಳ ಸರದಿಯನ್ನು ನಡೆಸುವುದರಲ್ಲಿಯೂ ಇದರ ಪಾತ್ರ ಹಿರಿದು. ಕಂಡುದು ಯಾರ ಮುಖ, ಕೇಳಿದುದು ಯಾರ ದನಿ ಎಂದು ಅರಿಯುವುದಕ್ಕೆ ಹೆಮ್ಮಿದುಳಿನ ಹೊರಪದರವೂ ಅದಕ್ಕೆ ಸುದ್ದಿ ಮುಟ್ಟಿಸುವ ನರತಂತುಗಳೂ ಬೇಕು. ದೊಡ್ಡ ಪೆಟ್ಟಿನಲ್ಲಿ ಇವು ಹರಿದುಹೋಗಿ, ಕಾಂಡ ಮಾತ್ರ ಉಳಿದಿರಬಹುದು. ಆಗ ಕೆಲವು ವಾರಗಳಲ್ಲಿ ರೋಗಿ ಕಣ್ಣು ತೆರೆಯುತ್ತಾನೆ, ಆಕಳಿಸುತ್ತಾನೆ, ನರಳುತ್ತಾನೆ. ಕಣ್ಣೀರೂ ಬರುತ್ತದೆ, ಮುಖದಲ್ಲಿ ನಗೆಯೂ ಸುಳಿಯುತ್ತದೆ. ಎಚ್ಚರವಿದೆ, ಅರಿವಿಲ್ಲ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಇದಕ್ಕೆ ಸಸ್ಯಸ್ಥಿತಿ ಎಂಬರ್ಥದ ಹೆಸರಿಟ್ಟರು. ತನ್ನ ಮಗನನ್ನು ಯಾರಾದರೂ ಗಿಡವೆಂದರೆ ಯಾವ ತಾಯಿ ಸಹಿಸಿಯಾಳು? 2010ರಲ್ಲಿ ಯುರೋಪಿನ ವೈದ್ಯರು ‘ಪ್ರತಿಕ್ರಿಯೆಯಿಲ್ಲದ ಎಚ್ಚರ’ ಎಂಬರ್ಥದ ಹೊಸ ಹೆಸರನ್ನು ಸೂಚಿಸಿದುದು ಸರಿಯಾಗಿಯೇ ಇದೆ.

ಈ ಎರಡರ ಅಂತರ ಕನ್ನಡಿಗರಿಗೆ ಮನಮುಟ್ಟುವಂತೆ ಕಾಣುವುದು ಅರುಣಾ ಶಾನಭಾಗರ ಪ್ರಕರಣದಲ್ಲಿ. ಉತ್ತರ ಕನ್ನಡದ ಹಳದೀಪುರದ ಈಕೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಹಲ್ಲೆಯಲ್ಲಿ ಕುತ್ತಿಗೆ ಬಿಗಿದು, ಮಿದುಳಿಗೆ ಆಮ್ಲಜನಕ ಸಾಲದೆ ಹೋಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ದಾದಿಯರೇ ಅವರಿಗೆ ಮನೆಯವರಾದರು. ಕೋಣೆಯಲ್ಲಿ ಜನ ಹೆಚ್ಚಾದರೆ ಆಕೆ ಕೂಗುತ್ತಾರೆ, ಮೀನಿನ ಊಟವೆಂದರೆ ಆಕೆಗೆ ಇಷ್ಟ ಎಂದು ಅವರು ಹೇಳುತ್ತಿದ್ದರು. ಸುಪ್ರೀಂ ಕೋರ್ಟು ನೇಮಿಸಿದ ಮೂವರು ವೈದ್ಯರು ಪರೀಕ್ಷಿಸಿ, ನೋಟ, ಶ್ರವಣ, ಸ್ಪರ್ಶಗಳ ಮೂಲ ನರಮಾರ್ಗಗಳು ಉಳಿದಿವೆ, ಆದರೆ ಅವುಗಳ ಅರಿವು ಆಕೆಗೆ ಇದೆ ಎಂಬುದಕ್ಕೆ ಖಚಿತವಾದ ಸಾಕ್ಷ್ಯ ಕಾಣಲಿಲ್ಲ ಎಂದು ವರದಿ ಕೊಟ್ಟರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಆಕೆಯ ಪರವಾಗಿ ಮಾತನಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಯದೆಂದಿತು. ದಾದಿಯರು ಕಂಡುದು ಸುಳ್ಳೆಂದು ನಾವು ಹೇಳಲಾರೆವು. ಕಂಡುದಕ್ಕೆ ಕೊಟ್ಟ ಅರ್ಥ ಮಾತ್ರ ಬೇರೆ ಮಾತು.

ಮನೆಯವರು ಸದಾ ಭ್ರಮೆಯಲ್ಲಿರುತ್ತಾರೆಂದೂ ತಿಳಿಯಬಾರದು. 2009ರಲ್ಲಿ ಬೆಲ್ಜಿಯಂ ದೇಶದಲ್ಲಿ ಸಸ್ಯಸ್ಥಿತಿಯೆಂದು ನಿರ್ಧರಿಸಿದ್ದ 44 ರೋಗಿಗಳನ್ನು ಕ್ರಮವಾಗಿ ಮರುಪರೀಕ್ಷಿಸಿದಾಗ, 18 ಜನರಲ್ಲಿ ಅರಿವಿನ ಕುರುಹು ಸಿಕ್ಕಿತು. ಮಿದುಳಿನ ಚಟುವಟಿಕೆಯನ್ನು ನೇರವಾಗಿ ಅಳೆಯುವ ಯಂತ್ರಗಳು ಇನ್ನೂ ಮುಂದೆ ಹೋಗಿವೆ. ಹೇಳಿದ ಮಾತಿಗೆ ಮೈಯಲ್ಲಿ ಯಾವ ಉತ್ತರವೂ ಇಲ್ಲದ 241 ಜನರಲ್ಲಿ 60 ಜನ, ಕೇಳಿದ ಕೆಲಸವನ್ನು ಮನಸ್ಸಿನಲ್ಲಿ ಮಾಡುತ್ತಿದ್ದರೆಂದು 2024ರ ಅಧ್ಯಯನವೊಂದು ತೋರಿಸಿತು. ಅಂಥ ಯಂತ್ರ ಎಲ್ಲೆಡೆಯೂ ದೊರೆಯದು. ಆದರೆ ಕೆಲವು ಉಪಾಯಗಳಿಗೆ ಯಂತ್ರವೇ ಬೇಡ. ಬೇರೆ ವಸ್ತುಗಳನ್ನು ಹಿಂಬಾಲಿಸದ ಕಣ್ಣು, ತನ್ನ ಮುಖ ಕಾಣುವ ಕನ್ನಡಿಯನ್ನು ಹಿಂಬಾಲಿಸುವುದುಂಟು. ಒಂದು ದಿನದ ಪರೀಕ್ಷೆಯೂ ಸಾಲದು. ಎರಡು ವಾರಗಳಲ್ಲಿ ಐದು ಬಾರಿಯಾದರೂ ನೋಡಬೇಕೆಂದು ತಜ್ಞರ ಮತ.

ಕೆಲವು ದಿನ ಕಳೆದು ಆ ಗೃಹಿಣಿ, “ಒತ್ತಿ ಅಂದರೆ ಕೈ ಒತ್ತುತ್ತಾರೆ” ಎಂದರು. ಅಂಗೈಗೆ ಬೆರಳು ತಾಗಿದರೆ ಹಸುಗೂಸೂ ಹಿಡಿಯುತ್ತದೆ; ಅದಕ್ಕೆ ಅರಿವು ಬೇಡ. ತಾನಾಗಿ ಆಗಾಗ ಅಲುಗುವ ಬೆರಳು ನಾವು ಹೇಳಿದಾಗಲೂ ಒಮ್ಮೊಮ್ಮೆ ಅಲುಗಲೇಬೇಕು. ಆ ಒಂದು ಸಲ ನಮ್ಮ ನೆನಪಿನಲ್ಲಿ ಉಳಿಯುತ್ತದೆ, ಉಳಿದವು ಮರೆತುಹೋಗುತ್ತವೆ. ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳೂ ಎಡವುವುದು ಇಲ್ಲಿಯೇ. ನಾವು ಒಂದು ನೋಟುಪುಸ್ತಕ ಕೊಟ್ಟು ಹೀಗೆಂದೆವು: “ಅಂಗೈ ಮುಟ್ಟಬೇಡಿ. ಹೆಬ್ಬೆರಳು ಎತ್ತಿ ಎಂದು ಹೇಳಿ ಒಂದು ನಿಮಿಷ ಕಾಯಿರಿ. ಮತ್ತೆ ಏನೂ ಹೇಳದೆ ಒಂದು ನಿಮಿಷ ಕಾಯಿರಿ. ಎರಡನ್ನೂ ಬರೆಯಿರಿ.”

ನಾಲ್ಕು ದಿನ ಬರೆದರು. ಹೇಳಿದ ಇಪ್ಪತ್ತು ನಿಮಿಷಗಳಲ್ಲಿ ಬೆರಳು ಎದ್ದುದು ಆರು ಸಲ. ಹೇಳದ ಇಪ್ಪತ್ತರಲ್ಲಿ ಐದು ಸಲ. ಆಕೆ ಎರಡು ಸಾಲುಗಳನ್ನೂ ಬಹಳ ಹೊತ್ತು ನೋಡಿದರು.

“ಲೆಕ್ಕ ನನಗೂ ಗೊತ್ತಾಯಿತು ಮಾಷ್ಟ್ರೇ. ಆದರೆ ಇದೆಲ್ಲ ಮಧ್ಯಾಹ್ನ ಬರೆದದ್ದು. ಬೆಳಿಗ್ಗೆ ಅವರು ಚುರುಕಾಗಿರುತ್ತಾರೆ. ನಾಳೆಯಿಂದ ಬೆಳಿಗ್ಗೆ ಬರೆಯುತ್ತೇನೆ.”

ಅದು ನ್ಯಾಯವಾದ ಆಕ್ಷೇಪವೇ. ಪುಸ್ತಕವನ್ನು ವೈದ್ಯರಿಗೂ ತೋರಿಸಿರೆಂದು ಹೇಳಿದೆವು. ಮರುದಿನ ಬುತ್ತಿಯ ಚೀಲದಲ್ಲಿ ಆ ಪುಸ್ತಕದ ಜತೆಗೆ ಗೋಡೆಯಿಂದ ಇಳಿಸಿದ ಕನ್ನಡಿಯೂ ಇತ್ತು.