ಮಾತಿನ ಚಿಕಿತ್ಸೆಗೆ ಮನೆಯೇ ಶಾಲೆ

ವರ್ಷ ಎರಡು ದಾಟಿದರೂ ಮಗು ಮಾತಾಡದಿದ್ದರೆ ನಮ್ಮ ಹಳ್ಳಿಮನೆಗಳಲ್ಲಿ ಹಿರಿಯರು ಮೊದಲು ನೆನೆಯುವುದು ಬಜೆಯನ್ನು. ಅದನ್ನು ತೇಯ್ದು ನಾಲಿಗೆಗೆ ಸವರುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಾಲಿಗೆಯಡಿಯ ನರ ಕತ್ತರಿಸಿದರೆ ಹೇಗೆ ಎಂದು ವೈದ್ಯರನ್ನು ಕೇಳುತ್ತಾರೆ. ಬಜೆ ಹಚ್ಚುವುದರ ಹಿಂದೆಯೂ ನರ ಕತ್ತರಿಸುವುದರ ಹಿಂದೆಯೂ ಇರುವುದು ಒಂದೇ ನಂಬಿಕೆ: ಕೊರತೆ ನಾಲಿಗೆಯದು. ಆದರೆ ಮಾತು ತಡವಾಗುವುದಕ್ಕೆ ನಾಲಿಗೆ ಕಾರಣವಾಗುವುದು ಬಲು ಅಪರೂಪ. ಕಿವಿ ಸರಿಯಾಗಿ ಕೇಳಿಸದಿರಬಹುದು, ಬುದ್ಧಿಯ ಬೆಳವಣಿಗೆ ನಿಧಾನವಾಗಿರಬಹುದು, ಆಟಿಸಂ ಇರಬಹುದು. ಇವು ಯಾವುವೂ ಇಲ್ಲದೆ ಭಾಷೆಯೊಂದೇ ಹಿಂದೆ ಬಿದ್ದಿರುವುದೂ ಉಂಟು. ಆದ್ದರಿಂದಲೇ ವಾಕ್ ಚಿಕಿತ್ಸೆ ಶುರುವಾಗುವುದು ಕಿವಿಯ ಪರೀಕ್ಷೆಯಿಂದ. ಮುಂದೆ ಅದು ನಡೆಯಬೇಕಾದದ್ದು ಮನೆಯಲ್ಲಿ. ಬೇಲೂರಿನಂಥ ತಾಲ್ಲೂಕಿಗೆ ಎಂಥ ಸೌಲಭ್ಯ ಬೇಕು ಎಂಬುದನ್ನು ನಿರ್ಧರಿಸಬೇಕಾದದ್ದೂ ಈ ಎರಡು ಸಂಗತಿಗಳಿಂದಲೇ.

ಈ ವಿದ್ಯೆಯಲ್ಲಿ ಕರ್ನಾಟಕ ಹಿಂದುಳಿದ ನಾಡೇನಲ್ಲ. ದೇಶದಲ್ಲಿ ಈ ಕ್ಷೇತ್ರದ ದೊಡ್ಡ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು ಮೈಸೂರಿನಲ್ಲೇ. ಮಾನಸಗಂಗೋತ್ರಿಯಲ್ಲಿರುವ ಈ ಕೇಂದ್ರ ಸರ್ಕಾರದ ಸಂಸ್ಥೆಗೆ ‘ಆಯಿಷ್’ ಎಂಬ ಕಿರುಹೆಸರೇ ರೂಢಿ. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ ‘ಕಾಮ್ ಡೀಲ್’ ಕಾರ್ಯಕ್ರಮ ಆಟಿಸಂ ಇರುವ ಪುಟ್ಟ ಮಕ್ಕಳಿಗೆ ಮೀಸಲು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಕನ್ನಡದ ಪದಗಳಿಂದಲೇ ಅಳೆಯುವ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಇದು ಸಣ್ಣ ಸಂಗತಿಯಲ್ಲ. ಮೂರು ವರ್ಷದ ಮಗು ‘ಮರ’ವನ್ನು ‘ಮಲ’ ಎಂದರೆ ಗಾಬರಿ ಬೇಡ, ರಕಾರ ತಡವಾಗಿ ಕೂಡಿಬರುವ ಅಕ್ಷರ. ಅದೇ ಏಳನೆಯ ವರ್ಷದಲ್ಲೂ ಹಾಗೇ ಉಳಿದರೆ ಗಮನ ಕೊಡಬೇಕು. ಹಾಸನ ಸೀಮೆಯ ಹಳ್ಳಿಯ ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದು ದೋಷವೇ ಅಲ್ಲ, ಅದರ ಮನೆಯವರು ಆಡುವುದೂ ಹಾಗೆಯೇ. ಆಡುಮಾತು ಯಾವುದು, ತೊಡಕು ಯಾವುದು ಎಂದು ಬೇರ್ಪಡಿಸಬಲ್ಲವರು ಆ ಊರಿನ ಕನ್ನಡ ಬಲ್ಲ ಥೆರಪಿಸ್ಟರು ಮಾತ್ರ.

ಇನ್ನು ಚಿಕಿತ್ಸೆಯ ಬಗೆ ನೋಡೋಣ. ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿನ ತಾಯಿಗೆ ಮೊದಲು ಕಲಿಸುವ ಪಾಠಗಳಲ್ಲಿ ಆರು ಸದ್ದುಗಳ ಪರೀಕ್ಷೆ ಒಂದು. ಬೆಳಿಗ್ಗೆ ಸಾಧನ ತೊಡಿಸಿ, ಬಾಯಿ ಕಾಣದಂತೆ ಮಗುವಿನ ಹಿಂದೆ ಕುಳಿತು, ಆ, ಊ, ಈ, ಶ್, ಸ್, ಮ್ ಎಂದು ಒಂದೊಂದಾಗಿ ಹೇಳಬೇಕು. ಸದ್ದು ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕುತ್ತದೆ. ‘ಸ್’ ಎಂದಾಗ ಮಣಿ ಬೀಳಲಿಲ್ಲವೆಂದರೆ ಬ್ಯಾಟರಿಯನ್ನೋ ಸಾಧನದ ಹೊಂದಾಣಿಕೆಯನ್ನೋ ನೋಡಬೇಕು. ಮಾತು ತಡವಾದ ಬೇರೆ ಮಕ್ಕಳ ತಾಯಂದಿರಿಗೆ ಕಲಿಸುವುದು ಕಾಯುವುದನ್ನು. ಮಗು ಲೋಟ ತೋರಿಸಿದೊಡನೆ ನೀರು ಕೊಟ್ಟುಬಿಟ್ಟರೆ ಅದಕ್ಕೆ ಮಾತಿನ ಅಗತ್ಯವೇ ಬೀಳದು; ಕಣ್ಣು ಕೂಡಿಸಿ ‘ನೀರು ಬೇಕಾ?’ ಎಂದು ಕೇಳಿ ಒಂದು ಗಳಿಗೆ ತಡೆದರೆ ಏನೋ ಒಂದು ಸದ್ದು ಹೊರಡುತ್ತದೆ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆಯಂತೆ ಚಿಕಿತ್ಸೆ ಸಿಕ್ಕರೂ ಒಟ್ಟು ಒಂದೂವರೆ ಗಂಟೆ. ಅದೇ ವಾರದಲ್ಲಿ ಮಗು ಎಚ್ಚರವಾಗಿರುವುದು 80 ಗಂಟೆಗೂ ಹೆಚ್ಚು. ಭಾಷೆ ಬೆಳೆಯುವುದು ಆ 80 ಗಂಟೆಗಳಲ್ಲಿ. ಮೈಸೂರಿನಲ್ಲಿ ಕಿವುಡು ಮಕ್ಕಳ ಪೋಷಕರ ಸಂಘ ನಡೆಸುವ ಶಾಲೆ ಈ ಲೆಕ್ಕವನ್ನು ಅರಿತದ್ದು. ಅಲ್ಲಿ ಮಗುವಿನೊಂದಿಗೆ ತಾಯಿಯೂ ತರಗತಿಯಲ್ಲಿ ಕುಳಿತು ಕಲಿಸುವುದನ್ನು ಕಲಿಯುತ್ತಾಳೆ.

ಇದಕ್ಕೆ ಆಕ್ಷೇಪಗಳಿವೆ. ‘ಅವರಪ್ಪನೂ ಮಾತು ಕಲಿತದ್ದು ತಡವಾಗಿಯೇ, ತಾನಾಗಿ ಬರುತ್ತೆ ಬಿಡಿ’ ಎಂಬುದು ಮೊದಲನೆಯದು. ಅದರಲ್ಲಿ ಸತ್ಯವಿದೆ, ತಡವಾಗಿ ಶುರುಮಾಡಿ ಸರಿಸಮಕ್ಕೆ ಬರುವ ಮಕ್ಕಳು ಬಹಳ. ಆದರೆ ಹಾಗೆ ಬರುವ ಮಗು ಯಾವುದು, ಕಿವಿ ಕೇಳದ ಮಗು ಯಾವುದು ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು. ಹಸುಗೂಸು ನಿದ್ರಿಸುತ್ತಿರುವಾಗಲೇ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಶ್ರವಣ ತಪಾಸಣೆ ಮುಗಿಯುತ್ತದೆ. ಪರೀಕ್ಷಿಸಿ ಕಾದರೆ ನಷ್ಟವಿಲ್ಲ. ಪರೀಕ್ಷಿಸದೆ ಕಾದರೆ ಮೆದುಳು ಭಾಷೆಗೆ ತೆರೆದಿರುವ ಮೊದಲ ವರ್ಷಗಳೇ ಕೈತಪ್ಪುತ್ತವೆ. ಎರಡನೆಯದು, ಮನೆಯಲ್ಲಿ ಉರ್ದುವೋ ತಮಿಳೋ ಲಂಬಾಣಿಯೋ, ಅಂಗನವಾಡಿಯಲ್ಲಿ ಕನ್ನಡ, ಹೀಗಾಗಿ ಮಗು ಗೊಂದಲಕ್ಕೆ ಬಿದ್ದಿದೆ ಎಂಬುದು. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲವೆಂದು ಜಗತ್ತಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮನೆಮಾತು ಬಿಡಿಸಿದರೆ ಮಗುವಿನೊಡನೆ ಹೆಚ್ಚು ಮಾತಾಡಬಲ್ಲ ಅಜ್ಜಿಯ ಬಾಯನ್ನೇ ಕಟ್ಟಿದಂತೆ. ಮೂರನೆಯ ಆಕ್ಷೇಪ ತೂಕದ್ದು: ಕಾಫಿ ತೋಟದಲ್ಲಿ ದಿನವಿಡೀ ದುಡಿದು ಬರುವ ತಾಯಿಯ ಮೇಲೆ ಈ ಹೊರೆಯನ್ನೂ ಹೇರುವುದು ನ್ಯಾಯವೇ? ಅಲ್ಲ. ಕಾರಣ ಪತ್ತೆ ಮಾಡುವುದು, ಗುರಿ ಹಾಕಿಕೊಡುವುದು, ಮಗು ಎಷ್ಟು ಮುಂದುವರಿಯಿತೆಂದು ತೂಗಿನೋಡುವುದು ತರಬೇತಾದ ಥೆರಪಿಸ್ಟರ ಕೆಲಸ, ಅದನ್ನು ತಾಯಿಗೆ ದಾಟಿಸಲಾಗದು. ಮನೆಯ ಪಾಲಿನ ಕೆಲಸವನ್ನಾದರೂ ಅಪ್ಪ, ಅಜ್ಜಿ, ಅಂಗನವಾಡಿ ಟೀಚರು ಹಂಚಿಕೊಳ್ಳಬೇಕು. ಸ್ನಾನ, ಊಟ, ಕೊಟ್ಟಿಗೆಯ ಕೆಲಸದ ನಡುವೆಯೇ ಆಗುವಂಥ ಮಾತು ಇದು, ಬೇರೆ ಹೊತ್ತು ಬೇಡುವುದಿಲ್ಲ.

ಬೇಲೂರಿನಿಂದ ಮೈಸೂರು 150 ಕಿ.ಮೀ.ಗೂ ದೂರ. ರೋಗನಿರ್ಣಯಕ್ಕೆ ಒಂದೆರಡು ಸಲ ಹೋಗಿಬರಬಹುದು. ವಾರ ವಾರ ಹೋಗಲು ಕೂಲಿ ಬಿಡಬೇಕು. ಆದ್ದರಿಂದ ಹಾಸನದವರೆಗೂ ಅಲೆಸದೆ, ನಿಗದಿತ ದಿನಗಳಂದು ತಾಲ್ಲೂಕು ಆಸ್ಪತ್ರೆಗೇ ಬಂದು ತಂದೆತಾಯಿಗೆ ಕಲಿಸಿಕೊಡುವ ಥೆರಪಿಸ್ಟರು ಬೇಕು. ಇದು ಅಸಾಧ್ಯವೇನಲ್ಲ: ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂಥ ಊರುಗಳಲ್ಲಿ ಆಯಿಷ್ ಸೇವಾಕೇಂದ್ರಗಳನ್ನು ತೆರೆದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಹಾಗಾಗಿ ಬೇಡಿಕೆ ಇಡುವುದು ಹಕ್ಕಿನ ಮಾತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಕಿವುಡು ಮತ್ತು ಮಾತಿನ ತಡ ಅದರ ಪಟ್ಟಿಯಲ್ಲೇ ಇವೆ. ಆರು ತಿಂಗಳ ಕೂಸು ಸದ್ದಿನತ್ತ ತಿರುಗದಿದ್ದರೆ, ಎರಡು ವರ್ಷದ ಮಗು ‘ಅಮ್ಮ ಬಾ’ ಎಂದು ಎರಡು ಪದ ಕೂಡಿಸದಿದ್ದರೆ, ಆ ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕರೆದುಕೊಂಡು ಹೋಗಿ, ಕಿವಿ ಪರೀಕ್ಷೆಗೆ ಚೀಟಿ ಬರೆದುಕೊಡಿ ಎಂದು ಕೇಳಿ.